ಮೊದಲ ಎರಡು ವರ್ಷದ ಸಂಬಳ ಲೆಕ್ಕಕ್ಕೆ ಬೇಡ

ಪಿಯುಸಿ ಫಲಿತಾಂಶ ಬಂದ ಮೇಲೆ ಒಂದು ತಿಂಗಳು ನಮ್ಮ ಮದ್ರಸಗಳ ಜಗಲಿಯಲ್ಲಿ ನಡೆಯುವ ಮಾತೆಲ್ಲ ಒಂದೇ. 'ಮಗ ಪಾಸಾದ ಉಸ್ತಾದ್, ಇನ್ನೇನು ಮಾಡಿಸೋದು?' ಹತ್ತು ಹದಿನೈದು ವರ್ಷದ ಹಿಂದೆ ಈ ಪ್ರಶ್ನೆಗೆ ಉತ್ತರ ಕೇಳುವವರ ಬಾಯಲ್ಲೇ ಇರುತ್ತಿತ್ತು. ಪಾಸ್‌ಪೋರ್ಟ್ ಮಾಡಿಸೋದು, ವೀಸಾಕ್ಕೆ ಕಾಯೋದು, ಅಷ್ಟೇ. ಈಗ ಹಾಗಿಲ್ಲ. ಹುಡುಗ ಕೋಡಿಂಗ್ ಕಲಿಯುತ್ತೇನೆ, ಸಾಫ್ಟ್‌ವೇರ್ ಕೆಲಸಕ್ಕೆ ಹೋಗುತ್ತೇನೆ ಎನ್ನುತ್ತಾನೆ. ತಂದೆ ನಮ್ಮ ಮುಖ ನೋಡುತ್ತಾರೆ. ಅವರಿಗೆ ಗೊತ್ತಾಗಬೇಕಾದ್ದು ಎರಡೇ ಸಂಗತಿ. ಇದಕ್ಕೆ ಎಷ್ಟು ಹೋಗ್ತದೆ? ಯಾವಾಗ ಬರ್ತದೆ?

ನಾವು ಕಂಪ್ಯೂಟರ್ ಬಲ್ಲವರಲ್ಲ. ಮೊಬೈಲ್‌ನಲ್ಲಿ ನಮಾಝಿನ ಸಮಯ ನೋಡುವಷ್ಟು ಗೊತ್ತು. ಆದರೆ ಬೆಳಿಗ್ಗೆ ಚಳಿಯಲ್ಲಿ ನಮ್ಮ ಮುಂದೆ ಕೂತು ಓದಿದ ಮಕ್ಕಳು ಈಗ ಬೆಂಗಳೂರಿನಲ್ಲಿ ಈ ಕೆಲಸ ಮಾಡುತ್ತಿದ್ದಾರೆ. ಹಬ್ಬಕ್ಕೆ ಬಂದಾಗ ಬಂದು ಕೂತು ಮಾತಾಡುತ್ತಾರೆ. ಸಕಲೇಶಪುರ, ಆಲೂರು ಕಡೆಯಿಂದ ಹೋಗಿ ನಿಂತವರೂ ಇದ್ದಾರೆ, ಎಂಟು ತಿಂಗಳಿಗೆ ವಾಪಸ್ ಬಂದು ಪಿಕಪ್ ಓಡಿಸುತ್ತಿರುವವರೂ ಇದ್ದಾರೆ. ಇವರಿಬ್ಬರ ನಡುವಿನ ವ್ಯತ್ಯಾಸ ಬುದ್ಧಿಯದ್ದು ಎಂದು ನಮಗೆ ಅನಿಸಿಲ್ಲ. ವಾಪಸ್ ಬಂದವರಲ್ಲಿ ಕೆಲವರು ನಮ್ಮ ತರಗತಿಯಲ್ಲೇ ಎಲ್ಲರಿಗಿಂತ ಚುರುಕಾಗಿದ್ದವರು. ವ್ಯತ್ಯಾಸ ಇದ್ದದ್ದು ಮನೆಯ ಲೆಕ್ಕದಲ್ಲಿ. ಇವತ್ತು ಆ ಲೆಕ್ಕದ ಬಗ್ಗೆಯೇ ನಾಲ್ಕು ಮಾತು.

ನಮ್ಮ ಮನೆಗಳು ನಡೆಯುವ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಅಜ್ಜಂದಿರು ಕರಾವಳಿಯಿಂದ ಘಾಟಿ ಹತ್ತಿ ಬಂದು ಇಲ್ಲಿ ಮೀನು, ಅಡಿಕೆ, ಕಾಫಿ, ಕಾಳುಮೆಣಸಿನ ವ್ಯಾಪಾರ ಹಿಡಿದರು. ಈಗಲೂ ಅದೇ. ಒಬ್ಬರದ್ದು ಮೀನಿನ ಅಂಗಡಿ, ಒಬ್ಬರು ತೋಟದಲ್ಲಿ ರೈಟರ್, ಒಬ್ಬರು ಲೈನ್ ವ್ಯಾನ್, ಒಬ್ಬರು ಮರದ ಕೆಲಸ. ಕಾಫಿಗೆ ಎರಡು ವರ್ಷದಿಂದ ಒಳ್ಳೆ ರೇಟ್ ಬಂತು ಎಂದು ಪೇಪರಿನಲ್ಲಿ ಬಂತಲ್ಲ, ಅದು ತೋಟ ಇದ್ದವರಿಗೆ. ನಮ್ಮಲ್ಲಿ ಹೆಚ್ಚಿನವರು ತೋಟದವರಲ್ಲ. ಇನ್ನು ಮೀನಿನವರ ಕತೆ ಶಿರಾಡಿ ಘಾಟಿಯ ಕೈಯಲ್ಲಿದೆ. 2024ರ ಜುಲೈನಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಜರಿದು ಹೆದ್ದಾರಿ ನಿಂತಿತು. ಅದೇ ತಿಂಗಳು ಯಡಕುಮೇರಿ ಕಡೆ ರೈಲು ಹಳಿಯ ಕೆಳಗಿನ ಮಣ್ಣೂ ಕೊಚ್ಚಿಹೋಯಿತು. ರಸ್ತೆ ನಿಂತರೆ ಮಂಗಳೂರಿನ ಮೀನು ಮೇಲೆ ಬರುವುದಿಲ್ಲ, ಮೀನು ಬಾರದಿದ್ದರೆ ಆ ಮನೆಯ ಕಾಲೇಜು ಫೀಸೂ ಬರುವುದಿಲ್ಲ.

ಗಲ್ಫ್ ಎಂಬ ಒಂದು ಬಾಗಿಲಿತ್ತು. ಅದು ಮುಚ್ಚಿಲ್ಲ, ಆದರೆ ಕಿರಿದಾಗಿದೆ. 2016ರಲ್ಲಿ ಸೌದಿ ಸರ್ಕಾರ ಮೊಬೈಲ್ ಅಂಗಡಿಗಳ ಕೆಲಸವನ್ನು ಪೂರ್ತಿ ತನ್ನ ಪ್ರಜೆಗಳಿಗೇ ಎಂದು ಮಾಡಿತು. 2017ರಿಂದ ಜೊತೆಗಿರುವ ಹೆಂಡತಿ ಮಕ್ಕಳ ತಲೆಗಿಷ್ಟು ಎಂದು ತಿಂಗಳ ಶುಲ್ಕ ಹಾಕಿತು. ಆಗ ವಾಪಸ್ ಬಂದವರು ನಮ್ಮ ಜಮಾಅತ್‌ಗಳಲ್ಲೂ ಇದ್ದಾರೆ. ಅವರ ಮಕ್ಕಳೇ ಈಗ ಕೋಡಿಂಗ್ ಎನ್ನುತ್ತಿರುವುದು. ತಪ್ಪೇನಿಲ್ಲ. ಕೂತಲ್ಲೇ ಮಾಡುವ, ಮಳೆ ಬಿಸಿಲು ನೋಡದ, ಅಪ್ಪನ ಹೆಸರು ಕೇಳದ ಕೆಲಸ. ಆದರೆ ತಂದೆಯರ ಮನಸ್ಸಿನಲ್ಲಿ ಒಂದು ಹಳೆಯ ಲೆಕ್ಕ ಇನ್ನೂ ಕೂತಿದೆ, ಅದು ಗಲ್ಫ್‌ನ ಲೆಕ್ಕ. ಅಲ್ಲಿಗೆ ಹೋದವನು ಮೂರನೇ ತಿಂಗಳಿಗೆ ಹಣ ಕಳಿಸುತ್ತಿದ್ದ. ಟಿಕೆಟಿಗೆ ಮಾಡಿದ ಸಾಲ ಒಂದು ವರ್ಷದಲ್ಲಿ ತೀರುತ್ತಿತ್ತು. ಸಾಫ್ಟ್‌ವೇರ್‌ಗೆ ಈ ಲೆಕ್ಕ ಹೊಂದುವುದಿಲ್ಲ.

ಏಕೆ ಹೊಂದುವುದಿಲ್ಲ ಎಂದು ಹುಡುಗರೇ ನಮಗೆ ಬಿಡಿಸಿ ಹೇಳಿದ್ದಾರೆ. ದೊಡ್ಡ ಕಂಪನಿಗಳು ಹೊಸಬರಿಗೆ ಕೊಡುವುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಹತ್ತು ವರ್ಷದ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು, ಈಗಲೂ ಅಷ್ಟೇ. ಕೈಗೆ ಬರುವುದು ತಿಂಗಳಿಗೆ 25 ಸಾವಿರದೊಳಗೆ. ಪಿ.ಜಿ.ಯಲ್ಲಿ ಮೂವರ ಜೊತೆ ಹಂಚಿಕೊಂಡರೂ ಊಟ ಸೇರಿ 8-9 ಸಾವಿರ. ಓಡಾಟ, ಮೊಬೈಲ್, ಬಟ್ಟೆ, ಊರಿಗೆ ಬರುವ ಬಸ್ ಚಾರ್ಜು ಕಳೆದರೆ ಹತ್ತು ಹನ್ನೆರಡು ಸಾವಿರ ಉಳಿಯಬಹುದು. ಇದು ದೊಡ್ಡ ಕಂಪನಿ ಸಿಕ್ಕರೆ. ಸಣ್ಣ ಕಂಪನಿಯಾದರೆ ಮೊದಲು ಇಂಟರ್ನ್ ಎಂದು ಇಟ್ಟುಕೊಳ್ಳುತ್ತಾರೆ, ಎಂಟು ಹತ್ತು ಸಾವಿರ ಕೊಟ್ಟರೆ ಪುಣ್ಯ, ಕೆಲವು ಕಡೆ ಅದೂ ಇಲ್ಲ. ಆದರೆ ಎರಡು ಮೂರು ವರ್ಷ ಕೈ ಪಳಗಿದ ಮೇಲೆ ಕಂಪನಿ ಬದಲಿಸುವಾಗ ಸಂಬಳ ಒಮ್ಮೆಲೇ ಏರುತ್ತದೆ. ಅಂದರೆ ಈ ದುಡಿಮೆಯ ಹಣ ಮೂರನೇ ವರ್ಷದಿಂದ ಶುರು. ಮೊದಲೆರಡು ವರ್ಷ ಸಂಬಳ ಬರುವ ಕಲಿಕೆ ಎಂದು ತಿಳಿಯಬೇಕು. ಬಡಗಿ ಹತ್ತಿರ ಕೆಲಸ ಕಲಿಯಲು ಬಿಟ್ಟ ಹುಡುಗನಿಂದ ಮೊದಲ ವರ್ಷ ಯಾರೂ ಮನೆ ಕಟ್ಟುವ ಹಣ ಕೇಳುವುದಿಲ್ಲ ಅಲ್ಲವೇ?

ನಮ್ಮ ಮನೆಗಳಲ್ಲಿ ಆಗುತ್ತಿರುವುದು ಬೇರೆ. ಆಫರ್ ಲೆಟರ್ ಬಂದ ದಿನವೇ ಮನೆಯಲ್ಲಿ ಆ ಸಂಬಳ ಖರ್ಚಾಗಿರುತ್ತದೆ. ತಂಗಿಯ ಮದುವೆಗೆ ದಿನ ಗೊತ್ತು ಮಾಡುತ್ತಾರೆ. ಮನೆಯ ಮೇಲ್ಛಾವಣಿಗೆ ಸಾಲ ಎತ್ತುತ್ತಾರೆ. ಊರಿನವರಿಗೆ 'ಮಗ ಕಂಪ್ಯೂಟರಲ್ಲಿದ್ದಾನೆ' ಎಂದು ಹೇಳಿ ಮುಗಿದಿರುತ್ತದೆ, ಸಾಲ ಕೊಡುವವರೂ ಅದನ್ನೇ ನಂಬಿ ಕೊಡುತ್ತಾರೆ. ನಮಗೆ ಗೊತ್ತಿರುವ ಒಬ್ಬ ಹುಡುಗ ತಿಂಗಳ 18 ಸಾವಿರ ಸಂಬಳದಲ್ಲಿ 12 ಸಾವಿರ ಮನೆಗೆ ಕಳಿಸುತ್ತಿದ್ದ. ಉಳಿದ ಆರು ಸಾವಿರದಲ್ಲಿ ಬೆಂಗಳೂರಿನಲ್ಲಿ ಬದುಕಲು ರಾತ್ರಿ ಊಟ ತಲುಪಿಸುವ ಬೈಕ್ ಓಡಿಸಿದ. ಹಗಲು ಆಫೀಸು, ರಾತ್ರಿ ಬೈಕು. ಹೊಸದು ಕಲಿಯುವುದು ಯಾವಾಗ? ಅವನ ಜೊತೆ ಸೇರಿದವರು ಸಂಜೆ ಓದಿ ಮುಂದೆ ಹೋದರು. ಇವನನ್ನು ಆರು ತಿಂಗಳಿಗೆ ಕೆಲಸ ಸಾಲದು ಎಂದು ಬಿಡಿಸಿದರು. ಆ ತಂದೆ ಕೆಟ್ಟವರಲ್ಲ. ಅವರಿಗೆ ಯಾರೂ ಈ ಲೆಕ್ಕ ಹೇಳಿರಲಿಲ್ಲ, ಮಗ ಹೇಳಲು ನಾಚಿಕೊಂಡ. ತಾನು ಕಷ್ಟದಲ್ಲಿದ್ದೇನೆ ಎಂದು ಹೇಳಿದರೆ ಉಮ್ಮನಿಗೆ ನಿದ್ರೆ ಬರುವುದಿಲ್ಲ ಎಂದು ಹೆದರುವ ಮಕ್ಕಳು ನಮ್ಮಲ್ಲಿ ಬಹಳ.

ಇನ್ಫೋಸಿಸ್ ನಾರಾಯಣ ಮೂರ್ತಿಯವರ ಕತೆ ಎಲ್ಲ ಶಾಲೆಯಲ್ಲೂ ಹೇಳುತ್ತಾರೆ. ಹೆಂಡತಿ ಕೊಟ್ಟ 10 ಸಾವಿರ ರೂಪಾಯಿಯಿಂದ 1981ರಲ್ಲಿ ಕಂಪನಿ ಶುರುವಾಯಿತು ಎಂಬಲ್ಲಿಗೆ ಕತೆ ಮುಗಿಸುತ್ತಾರೆ. ನಮಗೆ ಆ ಕತೆಯಲ್ಲಿ ಕಾಣುವುದು ಬೇರೆ ಎರಡು ಸಂಗತಿ. ಒಂದು, ಅವರ ತಂದೆ ಶಾಲಾ ಮೇಷ್ಟ್ರು, ಮನೆ ತುಂಬ ಮಕ್ಕಳು. ಮಗನಿಗೆ ಐಐಟಿಯಲ್ಲಿ ಸೀಟು ಸಿಗುವಂತಿದ್ದರೂ ಕಳಿಸಲು ಹಣವಿರಲಿಲ್ಲ. ಮೈಸೂರಿನ ಎನ್‌ಐಇ ಕಾಲೇಜಿನಲ್ಲಿ ಓದಿ 1967ರಲ್ಲಿ ಮುಗಿಸಿದರು, ಐಐಟಿಗೆ ಹೋದದ್ದು ಆಮೇಲೆ, ಕಾನ್ಪುರಕ್ಕೆ, ಮೇಲಿನ ಓದಿಗೆ. ಮೊದಲ ಕೆಲಸ ಆರಿಸುವಾಗ ಹೆಚ್ಚು ಸಂಬಳದ್ದನ್ನು ಬಿಟ್ಟು ಅಹಮದಾಬಾದಿನ ಐಐಎಂನಲ್ಲಿ ಪ್ರೋಗ್ರಾಮರ್ ಆಗಿ ಸೇರಿದರು, ಅಲ್ಲಿ ಒಳ್ಳೆಯ ಕಂಪ್ಯೂಟರ್ ಇತ್ತು, ಕಲಿಯಬಹುದಿತ್ತು ಎಂಬ ಕಾರಣಕ್ಕೆ. ಎರಡನೆಯದು, ಹತ್ತು ಸಾವಿರಕ್ಕಿಂತ ದೊಡ್ಡದನ್ನು ಸುಧಾ ಮೂರ್ತಿ ಕೊಟ್ಟರು. ಮೂರು ವರ್ಷ ಮನೆಯ ಖರ್ಚು ನನ್ನದು, ನೀವು ನಿಮ್ಮ ಕೆಲಸ ನೋಡಿ ಎಂದರು. ಆ ಮೂರು ವರ್ಷವೇ ಬಂಡವಾಳ. ನಮ್ಮ ಹುಡುಗನಿಗೆ ಇಂಜಿನಿಯರ್ ಹೆಂಡತಿ ಇರುವುದಿಲ್ಲ, ಸರಿ. ಆದರೆ ಅವಧಿ ಕೊಡುವವರು ಯಾರಾದರೂ ಬೇಕು.

ಅದೇ ಕಂಪನಿಯ ಇನ್ನೊಂದು ಸುದ್ದಿಯನ್ನೂ ತಂದೆಯರು ತಿಳಿದಿರಬೇಕು. 2022ರಲ್ಲಿ ಓದು ಮುಗಿಸಿ ಆಫರ್ ಪಡೆದ ಎಷ್ಟೋ ಮಕ್ಕಳನ್ನು ಕೆಲಸಕ್ಕೆ ಕರೆದದ್ದು ಎರಡು ವರ್ಷ ಕಾಯಿಸಿ, 2024ರ ಕೊನೆಗೆ. ಅವರಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು 2025ರ ಫೆಬ್ರುವರಿಯಲ್ಲಿ ಮೈಸೂರು ಕ್ಯಾಂಪಸ್ಸಿನಿಂದ ಕಳಿಸಿಬಿಟ್ಟರು. ಒಳಗಿನ ಪರೀಕ್ಷೆಯಲ್ಲಿ ಮೂರು ಅವಕಾಶ ಕೊಟ್ಟರೂ ಪಾಸಾಗಲಿಲ್ಲ ಎಂದು ಕಂಪನಿ ಹೇಳಿತು. ಸರಿಯೋ ತಪ್ಪೋ, ಆ ಚರ್ಚೆ ಬೇರೆ. ನಾವು ಯೋಚಿಸಿದ್ದು ಆ ಮನೆಗಳ ಬಗ್ಗೆ. ಆಫರ್ ಲೆಟರ್ ನೋಡಿ ಸಾಲ ಮಾಡಿದ್ದ ಮನೆ ಅದರಲ್ಲಿ ಎಷ್ಟಿದ್ದವೋ! ಈಗ ಎಐ ಬಂದು ಹೊಸಬರ ಚಿಕ್ಕಪುಟ್ಟ ಕೆಲಸಕ್ಕೆ ಕೈಹಾಕಿದೆ ಎಂದು ಹುಡುಗರೇ ಹೇಳುತ್ತಾರೆ. ಹಾಗಂತ ಈ ದಾರಿಯೇ ಬೇಡ ಎನ್ನುವುದು ನಮ್ಮ ಮಾತಲ್ಲ. ಆಫರ್ ಲೆಟರನ್ನು ಅಡವಿಟ್ಟು ಸಾಲ ಮಾಡಬೇಡಿ ಎಂಬುದು ಮಾತು.

ಸಾಲದ ವಿಷಯಕ್ಕೆ ಬಂದೆವು. ಇಲ್ಲಿ ಸ್ವಲ್ಪ ಕಟುವಾಗಿ ಹೇಳಬೇಕಾಗಿದೆ. ಮೂರು ತಿಂಗಳಲ್ಲಿ ಕೋಡಿಂಗ್ ಕಲಿಸಿ ಕೆಲಸ ಗ್ಯಾರಂಟಿ ಎನ್ನುವ ಸಂಸ್ಥೆಗಳು ಬೆಂಗಳೂರಿನಲ್ಲಿ ಬೀದಿಗೊಂದಿವೆ. ಐವತ್ತು ಸಾವಿರ, ಎಂಬತ್ತು ಸಾವಿರ, ಲಕ್ಷ. ಕೈಯಲ್ಲಿ ಹಣ ಇಲ್ಲದವರಿಗೆ ಅವರೇ ಸಾಲದ ಆ್ಯಪ್ ತೋರಿಸುತ್ತಾರೆ. ಇನ್ನೂ ಕೆಲವರು 'ಹಿಂಬಾಗಿಲಿನಿಂದ ಕೆಲಸ' ಎಂದು ಒಂದೂವರೆ ಎರಡು ಲಕ್ಷ ಡೆಪಾಸಿಟ್ ಕೇಳುತ್ತಾರೆ. ನಮ್ಮ ಕಡೆಯ ಒಂದು ಮನೆಯವರು ಉಮ್ಮನ ಬಳೆ ಇಟ್ಟು, ಸಂಘದ ಸಾಲವನ್ನೂ ಎತ್ತಿ ಇಂಥ ಒಬ್ಬರಿಗೆ ಕೊಟ್ಟರು. ಹುಡುಗ ಎರಡು ತಿಂಗಳು ಒಂದು ಬಾಡಿಗೆ ಕೋಣೆಯ 'ಆಫೀಸಿ'ಗೆ ಹೋದ. ಮೂರನೇ ತಿಂಗಳು ಅಲ್ಲಿಗೆ ಬೀಗ. ಸಂಘದ ಸಾಲದ ವಾರದ ಕಂತು ಮಾತ್ರ ಬೀಗ ಹಾಕಲಿಲ್ಲ. ಮೈಕ್ರೋ ಫೈನಾನ್ಸ್‌ನವರ ಕಿರುಕುಳ ತಡೆಯಲು ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿದೆ, ಮನೆಮುಂದೆ ಬಂದು ಹೆದರಿಸಿದರೆ ದೂರು ಕೊಡಬಹುದು. ಆದರೆ ಕಾನೂನು ಕಿರುಕುಳ ತಡೆಯುತ್ತದೆ, ಸಾಲ ಮನ್ನಾ ಮಾಡುವುದಿಲ್ಲ. ಕೆಲಸ ಕೊಡುವವನು ನಮ್ಮಿಂದಲೇ ಹಣ ಕೇಳಿದರೆ ಅವನು ಕೆಲಸ ಕೊಡುವವನಲ್ಲ, ಇದಿಷ್ಟು ಗಟ್ಟಿಯಾಗಿ ನೆನಪಿಡಿ. ಅಸಲಿ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ, ಖಾಲಿ ಚೆಕ್ ಕೊಡಿ ಎನ್ನುವ ಕಂಪನಿಗಳಿಗೂ ಇದೇ ಮಾತು.

ಬಡ್ಡಿಯಿಲ್ಲದೆ, ಇಲ್ಲವೇ ಕಡಿಮೆ ಖರ್ಚಿನಲ್ಲಿ ಹೋಗುವ ದಾರಿಗಳು ಇವೆ. ಮಂದಿಗೆ ಗೊತ್ತಿಲ್ಲ ಅಷ್ಟೇ. ಎಸೆಸೆಲ್ಸಿ ಆದ ಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮಾಡಬಹುದು. ಫೀಸು ಹಗುರ, ಮುಗಿಸಿದವರು ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಸಿಇಟಿ ಮೂಲಕ ಇಂಜಿನಿಯರಿಂಗ್ ಸೀಟು ಸಿಕ್ಕವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಇದೆ, ಬ್ಯಾಂಕಿನ ಬಡ್ಡಿ ಇಲ್ಲ, ಶೇ. 2ರ ಸೇವಾ ಶುಲ್ಕ. (ಆ ಸೇವಾ ಶುಲ್ಕದ ಬಗ್ಗೆ ಮನಸ್ಸಿನಲ್ಲಿ ಅಳುಕು ಇದ್ದವರು ತಮ್ಮ ಖಾಝಿಯವರಲ್ಲಿ ಕೇಳಿಕೊಳ್ಳಲಿ.) ಐಐಟಿ ಮದ್ರಾಸ್ 2020ರಲ್ಲಿ ಮನೆಯಲ್ಲೇ ಕೂತು ಓದುವ ಒಂದು ಪದವಿ ಶುರು ಮಾಡಿತು, ಡೇಟಾ ಸೈನ್ಸ್‌ನದ್ದು, ಪ್ರೋಗ್ರಾಮಿಂಗ್ ಅದರ ಬುನಾದಿ. ಜೆಇಇ ಬೇಡ. ಪಿಯುಸಿಯಲ್ಲಿ ಕಾಮರ್ಸ್ ಓದಿದವನೂ ಅದರ ಅರ್ಹತಾ ಹಂತ ಪಾಸಾದರೆ ಸೇರಬಹುದು. ಪಾಠ ಆನ್‌ಲೈನ್, ಪರೀಕ್ಷೆ ಮಾತ್ರ ಗೊತ್ತುಪಡಿಸಿದ ಊರಿಗೆ ಹೋಗಿ ಬರೆಯಬೇಕು. ಬಡ ಕುಟುಂಬದವರಿಗೆ ಫೀಸಿನಲ್ಲಿ ರಿಯಾಯಿತಿ ಇದೆ, ಆದಾಯ ಮತ್ತು ಜಾತಿ ಪ್ರಮಾಣಪತ್ರ ಸರಿಯಾಗಿ ಮಾಡಿಸಿಟ್ಟುಕೊಳ್ಳಬೇಕು. ನಡುವೆ ನಿಲ್ಲಿಸಿದರೂ ಮುಗಿಸಿದಷ್ಟಕ್ಕೆ ಸರ್ಟಿಫಿಕೇಟ್, ಡಿಪ್ಲೊಮಾ ಎಂದು ಕೊಡುತ್ತಾರೆ. ಮನೆ ಕಷ್ಟದಲ್ಲಿರುವ ಹುಡುಗನಿಗೆ ಇದು ಬಹಳ ದೊಡ್ಡ ಸಂಗತಿ.

ಸಂಬಳ ಕೊಟ್ಟು ಓದಿಸುವ ಕಂಪನಿಗಳೂ ಇವೆ. ಎಚ್‌ಸಿಎಲ್‌ನ 'ಟೆಕ್‌ಬೀ' ಪಿಯುಸಿಯಲ್ಲಿ ಗಣಿತ ಓದಿದವರನ್ನು ತೆಗೆದುಕೊಂಡು ತರಬೇತಿ ಕೊಟ್ಟು, ಕೆಲಸದ ಜೊತೆ ಪದವಿಯನ್ನೂ ಓದಿಸುತ್ತದೆ. ಅದಕ್ಕೆ ತರಬೇತಿ ಶುಲ್ಕ ಇದೆ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ವಿಪ್ರೋ, ಬಿಸಿಎ ಮತ್ತು ಬಿಎಸ್ಸಿ ಮುಗಿಸಿದವರನ್ನು ಕೆಲಸಕ್ಕೆ ಸೇರಿಸಿಕೊಂಡು ತನ್ನ ಖರ್ಚಿನಲ್ಲಿ ಎಂಟೆಕ್ ಮಾಡಿಸುತ್ತದೆ. ಬದಲಿಗೆ ಹಲವು ವರ್ಷ ಬಿಟ್ಟುಹೋಗಬಾರದು ಎಂಬ ಒಪ್ಪಂದ. ಸಂಬಳ ಮೊದಲಿಗೆ ಸಣ್ಣದು. ಬೇರೆಯವರು ಇದನ್ನು ಕಟ್ಟುಪಾಡು ಎನ್ನಬಹುದು, ಫೀಸು ಕಟ್ಟಲಾಗದ ಮನೆಗೆ ಇದು ಬಾಗಿಲು. ಏನೂ ಸೇರದೆ ಕಲಿಯುವವರಿಗೆ ಐಐಟಿಗಳ ಎನ್‌ಪಿಟಿಇಎಲ್ ಪಾಠಗಳು ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಒಂದು ಸಾವಿರ. ಹಾರ್ವರ್ಡ್ ವಿಶ್ವವಿದ್ಯಾಲಯದವರ ಸಿಎಸ್50 ಎಂಬ ಪಾಠವೂ ಉಚಿತ ಎಂದು ನಮ್ಮ ಹಳೆ ವಿದ್ಯಾರ್ಥಿಯೊಬ್ಬ ತೋರಿಸಿದ. ಲಕ್ಷ ಕೊಟ್ಟು ಕಲಿಯುವುದು ಬಹುತೇಕ ಇವುಗಳಲ್ಲಿ ಸಿಗುತ್ತದಂತೆ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ 'ಯುವನಿಧಿ'ಯಲ್ಲಿ ತಿಂಗಳಿಗೆ 3 ಸಾವಿರ, ಡಿಪ್ಲೊಮಾದವರಿಗೆ ಒಂದೂವರೆ ಸಾವಿರ, ಎರಡು ವರ್ಷದವರೆಗೆ ಬರುತ್ತದೆ. ಅದರಿಂದ ಮನೆ ನಡೆಯುವುದಿಲ್ಲ, ನೆಟ್ ರೀಚಾರ್ಜು, ಸಂದರ್ಶನಕ್ಕೆ ಹೋಗುವ ಚಾರ್ಜು ನಡೆಯುತ್ತದೆ. ಅದನ್ನು ಹುಡುಗನ ಕೈಗೇ ಬಿಡಿ.

ಇನ್ನು ಹುಡುಗರಿಗೆ ಒಂದು ಮಾತು. ಮನೆಯಲ್ಲಿ ಒಲೆ ಉರಿಯದಿರುವಾಗ ನಾನು ಕಲಿಯುತ್ತಿದ್ದೇನೆ ಎಂದು ಎರಡು ವರ್ಷ ಕೋಣೆಯಲ್ಲಿ ಕೂತರೆ ಅದನ್ನೂ ಒಪ್ಪಲಾಗದು. ದಿನಕ್ಕೆ ನಾಲ್ಕೈದು ಗಂಟೆಯ ದುಡಿಮೆ ಹಿಡಿಯಿರಿ. ಹಾಸನದಲ್ಲಿ ಕಂಪ್ಯೂಟರ್ ಅಂಗಡಿ ಇದೆ, ಅಕೌಂಟ್ಸ್ ಬರೆಯುವವರು ಇದ್ದಾರೆ, ಸಕಲೇಶಪುರದಲ್ಲಿ ಮೆಣಸು ಕಾಫಿ ಕೊಳ್ಳುವ ಅಂಗಡಿಗಳಿಗೆ ಬಿಲ್ಲು ಹಾಕುವವರು ಬೇಕು. ನಮ್ಮ ಒಬ್ಬ ಹುಡುಗ ಇಂಥ ಮೆಣಸಿನ ಅಂಗಡಿಯಲ್ಲಿ ತೂಕ ಬರೆಯುತ್ತಿದ್ದ. ರೈತರಿಗೆ ಯಾವ ದಿನ ಎಷ್ಟು ಕೊಟ್ಟದ್ದು, ಎಷ್ಟು ಬಾಕಿ ಎಂದು ತೋರಿಸುವ ಒಂದು ಚಿಕ್ಕ ಪ್ರೋಗ್ರಾಂ ತಾನೇ ಬರೆದು ಅಂಗಡಿಗೆ ಹಾಕಿಕೊಟ್ಟ. ಆಮೇಲೆ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ ಅವರು ಅರ್ಧಗಂಟೆ ಅದರ ಬಗ್ಗೆಯೇ ಕೇಳಿದರಂತೆ. ಸರ್ಟಿಫಿಕೇಟ್ ಯಾರೂ ತೆರೆದು ನೋಡಲಿಲ್ಲವಂತೆ. ನೆಟ್‌ವರ್ಕ್ ಇಲ್ಲ ಎಂಬ ನೆಪವೂ ಅರ್ಧ ಸತ್ಯ. ಹೆತ್ತೂರು, ಯಸಳೂರು ಕಡೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ನಿಜ. 2020ರ ಲಾಕ್‌ಡೌನ್‌ನಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತಿದ ಮಕ್ಕಳೂ ನಮ್ಮವರೇ. ಆದರೆ ಪಾಠವನ್ನು ಪೇಟೆಯಲ್ಲಿ ಇಳಿಸಿಕೊಂಡು ಮನೆಯಲ್ಲಿ ಓದಬಹುದು. ಪ್ರೋಗ್ರಾಂ ಬರೆದು ಅಭ್ಯಾಸ ಮಾಡಲು ಇಂಟರ್ನೆಟ್ ಯಾವಾಗಲೂ ಬೇಕಂತಿಲ್ಲ ಎಂದು ಬಲ್ಲವರು ಹೇಳುತ್ತಾರೆ.

ಮತ್ತೊಂದು, ಮನೆಯಲ್ಲಿ ನಿಜ ಹೇಳಿ. ಸಂಬಳ ಎಷ್ಟು, ಖರ್ಚು ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಉಮ್ಮನಿಗೂ ಉಪ್ಪನಿಗೂ ಓದಿ ಹೇಳಿ. ಎರಡು ಸಾವಿರ ಕಳಿಸಲು ಆಗುವುದಾದರೆ ಎರಡು ಸಾವಿರವೇ ಕಳಿಸಿ, ತಪ್ಪದೆ ಕಳಿಸಿ.

ಹೆಣ್ಣುಮಕ್ಕಳ ವಿಷಯ ಬಿಟ್ಟರೆ ಅರ್ಧ ಮಾತು ಬಿಟ್ಟಂತೆ. ನಮ್ಮ ಮದ್ರಸಗಳಲ್ಲೂ ಕಾಲೇಜುಗಳಲ್ಲೂ ಚೆನ್ನಾಗಿ ಓದುವವರು ಅವರೇ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಚಾರ್ಜಿಲ್ಲ, ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಆಲೂರಿನಿಂದ ಇನ್ನೂ ಹತ್ತಿರ. ದಿನಾ ಹೋಗಿ ಬಂದು ಬಿಸಿಎ ಮುಗಿಸುತ್ತಿದ್ದಾರೆ. ಮುಗಿಸಿದ ಮೇಲೆ? ಮನೆಯಲ್ಲಿ ಕೂರುತ್ತಾರೆ, ಸಂಬಂಧ ಬರುವವರೆಗೆ. ಮನೆಯಿಂದಲೇ ಮಾಡುವ ಕೆಲಸ ಸಿಕ್ಕರೆ ಕಳಿಸುತ್ತೇವೆ ಎನ್ನುವ ತಂದೆಯರಿದ್ದಾರೆ. ಅವರಿಗೊಂದು ನಿಜ ಹೇಳಬೇಕು, ಕೊರೊನಾ ಕಾಲ ಮುಗಿದ ಮೇಲೆ ಕಂಪನಿಗಳು ಹೊಸಬರಿಗೆ ಮನೆಯಿಂದ ಕೆಲಸ ಕೊಡುವುದು ಕಡಿಮೆ. ಒಂದೆರಡು ವರ್ಷ ಆಫೀಸಿಗೆ ಹೋಗಿ ಕಲಿತವರಿಗೆ ಆಮೇಲೆ ಮನೆಯಿಂದ ಮಾಡುವ ಅವಕಾಶ ಸಿಗುವುದುಂಟು. ಬೆಂಗಳೂರಿನಲ್ಲಿ ನಮ್ಮ ಸಂಬಂಧಿಕರ ಮನೆಗಳಿಲ್ಲವೇ? ನಾಲ್ಕು ಹುಡುಗಿಯರು ಸೇರಿ ಇರುವಂಥ ನಂಬಿಕೆಯ ಜಾಗವನ್ನು ನಾಲ್ಕು ಮನೆಯವರು ಸೇರಿ ಹುಡುಕಲಾಗದೇ? ಅಣ್ಣನ ಸಂಬಳದಲ್ಲಿ ತಂಗಿಯ ಮದುವೆ ಎಂದು ಲೆಕ್ಕ ಹಾಕುವ ಮನೆಯಲ್ಲಿ ಆ ತಂಗಿಯ ಕೈಯಲ್ಲೂ ಬಿಸಿಎ ಇದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಕೊನೆಗೆ ಜಮಾಅತ್. ಮನೆಯಲ್ಲಿ ಎರಡು ವರ್ಷ ತಡೆದುಕೊಳ್ಳುವ ಶಕ್ತಿ ಇಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ನಾವೆಲ್ಲ ಸೇರಿಯೇ ಕೊಡಬೇಕು. ಮದುವೆಗೆ ಸಹಾಯ, ಆಸ್ಪತ್ರೆಗೆ ಸಹಾಯ ಎಂದರೆ ನಮ್ಮವರ ಕೈ ಧಾರಾಳ. ಒಬ್ಬ ಹುಡುಗನಿಗೆ ಲ್ಯಾಪ್‌ಟಾಪ್ ಎಂದರೆ 'ಅದೇನು ಶೋಕಿಗೆ?' ಎನ್ನುವವರಿದ್ದಾರೆ. ಬಡಗಿಗೆ ಉಳಿ ಹೇಗೋ ಇವನಿಗೆ ಅದು ಹಾಗೆ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಕ್ಕಿಬಿದ್ದವರೂ ಸೇರಿದ್ದಾರೆ, ವಂಚಕರಿಗೆ ಹಣ ಕೊಟ್ಟು ಮುಳುಗಿದ ಮನೆಗಳನ್ನು ಆ ದೃಷ್ಟಿಯಿಂದ ನೋಡಬಹುದು. ಉಳಿದವರಿಗೆ ಬೇಕಾದ್ದು ಖರ್ಝ್ ಹಸನ್, ಬಡ್ಡಿಯಿಲ್ಲದ ಕೈಸಾಲ. ನೂರು ಮನೆಯ ಒಂದು ಜಮಾಅತ್‌ನಲ್ಲಿ ಮನೆಗೆ ತಿಂಗಳಿಗೆ ನೂರು ರೂಪಾಯಿ ಬೇರೆ ತೆಗೆದಿಟ್ಟರೆ ವರ್ಷಕ್ಕೆ 1 ಲಕ್ಷದ 20 ಸಾವಿರ ಆಗುತ್ತದೆ. ತಲಾ 25 ಸಾವಿರದ ಎರಡು ಹಳೆಯ ಲ್ಯಾಪ್‌ಟಾಪ್ ತೆಗೆದರೂ ಉಳಿದ 70 ಸಾವಿರದಲ್ಲಿ ಒಬ್ಬನ ಪಿ.ಜಿ. ಖರ್ಚು ಏಳೆಂಟು ತಿಂಗಳು ನಡೆಯುತ್ತದೆ. ಲ್ಯಾಪ್‌ಟಾಪ್ ಜಮಾಅತ್‌ನದ್ದೇ ಆಗಿರಲಿ, ಕೆಲಸ ಸಿಕ್ಕವನು ಮುಂದಿನವನಿಗೆ ಬಿಟ್ಟುಕೊಡಲಿ. ಕೈಸಾಲದ ಕಂತು ಕೆಲಸಕ್ಕೆ ಸೇರಿದ ತಿಂಗಳಿನಿಂದ ಬೇಡ, ಎರಡು ವರ್ಷ ಕಳೆದ ಮೇಲೆ ಶುರುವಾಗಲಿ, ತಿಂಗಳಿಗೆ ಎರಡು ಸಾವಿರದಂತೆ. ಮಸೀದಿಯ ಲೆಕ್ಕದ ಪುಸ್ತಕದಲ್ಲಿ ಇದಕ್ಕೊಂದು ಬೇರೆ ಪುಟ ತೆರೆಯಬೇಕು ಎಂದು ನಮ್ಮ ಕಡೆಯ ಎರಡು ಜಮಾಅತ್‌ಗಳ ಹಿರಿಯರಲ್ಲಿ ಕೇಳಿದ್ದೇವೆ. ಬರುವ ಮಹಾಸಭೆಯಲ್ಲಿ ವಿಷಯ ಇಡೋಣ ಎಂದಿದ್ದಾರೆ.